ಲಾರಿಗೆ ಏನೂ ಕೊಡದ ಮನೆ

"ಅದನ್ನ ಒಳಗೆ ತರಬೇಡ, ಅಲ್ಲೇ ಇಡು," ಎಂದು ಅಕ್ಕ ಗೇಟಿಗೆ ಅಡ್ಡ ನಿಂತು, ಮೈದುನ ಎದೆಗವಚಿಕೊಂಡಿದ್ದ ಡಬ್ಬವನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದಳು. ಮೈದುನ ಅತ್ತಿಂದ ತಳ್ಳಿದ, ಅತ್ತಿಗೆ ಇತ್ತಿಂದ ತಳ್ಳಿದಳು. ನಡುಮನೆಯಲ್ಲಿ ಹೆಣ, ಗೇಟಿನಲ್ಲಿ ಇವರಿಬ್ಬರ ಜಗ್ಗಾಟ. ಬೆಳಗಿನ ಎಂಟು ಗಂಟೆಗೆ ಬೀದಿಯ ಕಣ್ಣೆಲ್ಲ ಅಲ್ಲೇ ಇತ್ತು.

ಡಬ್ಬದಲ್ಲಿ ಆರುನೂರು ಪ್ಲಾಸ್ಟಿಕ್ ಲೋಟ, ಮುನ್ನೂರು ತಟ್ಟೆ. ಮೈದುನನದು ಅಂಥ ಸಾಮಾನಿನದೇ ಅಂಗಡಿ. ಹುಟ್ಟು, ಮದುವೆ, ಸಾವು, ಮೂರಕ್ಕೂ ಅವನ ಹತ್ತಿರ ಲೋಟವಿತ್ತು, ಬಣ್ಣ ಮಾತ್ರ ಬೇರೆ ಬೇರೆ. ಸಾವಿಗೆ ಬಿಳಿ.

"ಅತ್ತಿಗೆ, ಇನ್ನೂರು ಜನ ಬರ್ತಾರೆ. ಕಾಫಿ ಕೊಡೋದು ಯಾವುದ್ರಲ್ಲಿ, ಅವರ ಅಂಗೈಲಾ? ನಮ್ಮಣ್ಣನಿಗೆ ನಾನು ಇಷ್ಟೂ ಮಾಡಬಾರ್ದಾ?"

"ಮಾಡು. ಬೇರೆ ಏನಾದ್ರೂ ಮಾಡು. ಇವತ್ತು ಗುರುವಾರ."

ಗುರುವಾರ ಎಂದರೆ ಆ ಬೀದಿಗೆ ಕಸದ ಲಾರಿ ಬರುವ ದಿನ. ಈ ಅಕ್ಕ ಯಾರಿಗೆ ಅಕ್ಕ ಎಂದರೆ, ಊರಿನ ಕಸದ ಲಾರಿಯವರಿಗೆಲ್ಲ ಅಕ್ಕ. ನಾವೂ ಹಾಗೇ ಕರೆಯೋಣ. ಒಳಗೆ ಮಲಗಿದ್ದವರು ಅವಳ ಗಂಡ, ಮೂವತ್ತೊಂದು ವರ್ಷ ಏಳನೇ ನಂಬರಿನ ಲಾರಿ ಓಡಿಸಿದವರು. ಓಡಿಸಿದ್ದು ಲಾರಿಯಾದರೂ ಜನ ಕರೆದದ್ದು ಮೇಷ್ಟ್ರು ಎಂದು. ಮನೆ ಮನೆಯ ಮುಂದೆ ಲಾರಿ ನಿಲ್ಲಿಸಿ, ಇಳಿದು, ಹಸಿ ಕಸ ಬೇರೆ ಒಣ ಕಸ ಬೇರೆ ಎಂದು ಗಿಣಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಕೇಳದವರಿಗೆ ಮರುವಾರ ಮತ್ತೆ ಹೇಳುತ್ತಿದ್ದರು. ಬೈದವರಿಗೆ, ಬೈದು ಮುಗಿದ ಮೇಲೆ ಹೇಳುತ್ತಿದ್ದರು.

ಹತ್ತೊಂಬತ್ತು ವರ್ಷದಿಂದ ಆ ಲಾರಿಗೆ ಏನೂ ಕೊಡದ ಮನೆ ಊರಲ್ಲಿ ಒಂದೇ, ಅದು ಮೇಷ್ಟ್ರ ಮನೆ. ಅಷ್ಟು ವರ್ಷದ ಗುರುವಾರಗಳಲ್ಲಿ ಒಂದು ಹಾಲಿನ ಕವರೂ ಅಲ್ಲಿಂದ ಹೊರಬಿದ್ದಿರಲಿಲ್ಲ. ಇವತ್ತಿನದು ಮೇಷ್ಟ್ರು ಮನೆಯಲ್ಲಿರುವ ಕೊನೆಯ ಗುರುವಾರ, ಇದೂ ಹಾಗೇ ದಾಟಬೇಕು ಎಂಬುದು ಅಕ್ಕನ ಹಟ. ಅಳುವುದನ್ನೆಲ್ಲ ಅವಳು ನಿನ್ನೆ ಅತ್ತಿದ್ದಳು, ಇವತ್ತು ಕೆಲಸವಿತ್ತು.

"ಲೋಟ ತಾನೇ ಬೇಕಿರೋದು?" ಎಂದು ಎದುರುಮನೆಯ ಟೈಲರಮ್ಮ ಕುತ್ತಿಗೆಯ ಅಳತೆ ಟೇಪನ್ನು ತೆಗೆಯದೇ ಬೀದಿಗಿಳಿದಳು. ಅರ್ಧ ಗಂಟೆಯಲ್ಲಿ ಅಂಗಳದ ಬೆಂಚು ತುಂಬಿತು. ಸ್ಟೀಲು, ಗಾಜು, ಪಿಂಗಾಣಿ, ಕಿವಿ ಮುರಿದದ್ದು, ಯಾರದೋ ಮದುವೆಯ ಫೋಟೋ ಇದ್ದದ್ದು, ಹಲ್ಲುಜ್ಜುವಾಗ ಬಾಯಿ ಮುಕ್ಕಳಿಸುವ ಮಗ್ಗು ಕೂಡ ಒಂದು.

"ಇಷ್ಟನ್ನೂ ತೊಳೆಯೋರು ಯಾರು?" ಎಂದು ಮೈದುನ ಕೇಳಿದ.

"ನೀನು," ಎಂದಳು ಅಕ್ಕ. "ಅಣ್ಣನಿಗೆ ಏನಾದ್ರೂ ಮಾಡಬೇಕು ಅಂದ್ಯಲ್ಲ."

ಮೈದುನ ಮುಖ ಸಣ್ಣದು ಮಾಡಿಕೊಂಡು ಡಬ್ಬವನ್ನು ವ್ಯಾನಿನೊಳಗೆ ನೂಕಿ, ತೋಳು ಮಡಚಿ, ನಲ್ಲಿಯ ಹತ್ತಿರ ಹೋದ. ನೀರನ್ನು ಜೋರಾಗಿ ಬಿಟ್ಟ. ಅಕ್ಕ ಹಿಂದಿನಿಂದ ಬಂದು ಅರ್ಧ ತಿರುಗಿಸಿ ಹೋದಳು.

* * *

ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಗಂಡ ಕೆಲಸ ಮುಗಿಸಿ ಬಂದಾಗ ಕೈಯಲ್ಲಿ ಒಂದು ರೇನ್‌ಕೋಟ್ ಇತ್ತು. ಆಗಿನ್ನೂ ಅವರನ್ನು ಯಾರೂ ಮೇಷ್ಟ್ರು ಅನ್ನುತ್ತಿರಲಿಲ್ಲ. ಊರಾಚೆಯ ಕಸದ ಗುಡ್ಡದಲ್ಲಿ ಲಾರಿ ಖಾಲಿ ಮಾಡುತ್ತಿದ್ದಾಗ, ಪಕ್ಕದಲ್ಲಿ ಹಳೆಯ ಕಸ ಬಗೆಯುತ್ತಿದ್ದ ಯಂತ್ರದ ಹಲ್ಲಿಗೆ ಸಿಕ್ಕಿಕೊಂಡು ಅದು ಮೇಲೆ ಬಂದಿತ್ತಂತೆ. ಅಂಗಳದ ನಲ್ಲಿಯಲ್ಲಿ ತೊಳೆದರು. ತೊಳೆದಂತೆಲ್ಲ ಹಳದಿ ಬಣ್ಣ ಬಂತು. ಕಾಲರಿನ ಒಳಗೆ ಅಕ್ಕನದೇ ಕೈಬರಹದಲ್ಲಿ ಮಗಳ ಹೆಸರು, ಒಂದನೇ ತರಗತಿ.

"ಇದನ್ನ ಎಸೆದದ್ದು ಯಾವಾಗ?"

"ನಾಲ್ಕು ವರ್ಷ ಆಯ್ತೇನೋ. ಗುಂಡಿ ಕಿತ್ತೋಗಿತ್ತು."

"ಎಷ್ಟು ಗುಂಡಿ?"

"ಒಂದು."

ಗಂಡ ಅದನ್ನು ಹಗ್ಗಕ್ಕೆ ಹಾಕಿ ಎದುರಿಗೆ ಕೂತರು. "ನಾಲ್ಕು ವರ್ಷ ಮಣ್ಣಲ್ಲಿದ್ದು ಬಂದಿದೆ, ಅಂಗಡಿಯಿಂದ ತಂದ ಹಾಗಿದೆ ನೋಡು. ನನ್ನ ಮೂಳೆ ಕರಗಿದ ಮೇಲೂ ಇದರ ಕಾಲರ್ ಓದಬಹುದು," ಎಂದರು. ಆಮೇಲೆ ಹೇಳಿದರು, "ನಾಳೆಯಿಂದ ನಮ್ಮನೆ ಕಸ ನನ್ನ ಲಾರಿಗೆ ಹತ್ತಬಾರದು."

"ಮತ್ತೆ ಎಲ್ಲಿಗೆ ಹತ್ತಬೇಕು, ನನ್ನ ತಲೆಗಾ?"

"ಊರೋರಿಗೆ ಹೇಳೋಕೆ ಮುಂಚೆ ನಾವು ಮಾಡಿ ತೋರಿಸಬೇಕಲ್ವಾ. ಮನೆ ಗೆದ್ದು ಮಾರು ಗೆಲ್ಲು ಅಂತಾರೆ."

"ಮಾರು ಗೆಲ್ಲೋಕೆ ನೀವು ಲಾರೀಲಿ ಕೂತು ಹೋಗ್ತೀರಿ. ಮನೆ ಗೆಲ್ಲಬೇಕಾದೋಳು ನಾನು."

ಮಾತು ಅಕ್ಷರಶಃ ನಿಜವಾಯಿತು. ಹಿತ್ತಲಲ್ಲಿ ತೂತು ಕೊರೆದ ಎರಡು ಪೀಪಾಯಿ ಬಂದವು. ಸಿಪ್ಪೆ, ಉಳಿದ ಅನ್ನ, ಕಾಫಿಯ ಚರಟ ಎಲ್ಲ ಅದಕ್ಕೆ. ಮೊದಲ ತಿಂಗಳು ಹುಳ, ಎರಡನೇ ತಿಂಗಳು ವಾಸನೆ, ಮೂರನೇ ತಿಂಗಳು ಪಕ್ಕದ ಮನೆಯವರ ಜಗಳ. ಒಣಗಿದ ಎಲೆ ಸಾಲದೇ ಹೀಗಾಗುತ್ತಿದೆ ಎಂದು ತಿಳಿಯುವ ಹೊತ್ತಿಗೆ ಅಕ್ಕ ಎರಡು ಸಲ ತವರಿಗೆ ಹೊರಟು ಬೀದಿಯ ತುದಿಯಿಂದ ವಾಪಸಾಗಿದ್ದಳು. ಐದನೇ ತಿಂಗಳು ಪೀಪಾಯಿಯ ತಳದಿಂದ ಒಂದು ಹಿಡಿ ಕಪ್ಪು ಮಣ್ಣು ತೆಗೆದು ಮೂಸಿದಳು. ಹದವಾಗಿ ತೋಯ್ದ ನೆಲದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವತ್ತು ಅವಳೇ ಪಕ್ಕದ ಮನೆಯವರನ್ನು ಕರೆದು ಮೂಸಿಸಿದಳು.

ಹಾಲಿಗೆ ಮುಚ್ಚಳದ ಕ್ಯಾನು ಹೋಯಿತು, ಬೇಳೆಗೆ ಬಟ್ಟೆ ಚೀಲ ಹೋಯಿತು. ಸ್ನಾನದ ನೀರು ಪೈಪು ಹಿಡಿದು ಸೊಪ್ಪಿನ ಮಡಿಗೆ ಹೋಯಿತು. ಹರಿದ ಸೀರೆ ದಿಂಬಾಗಿ, ದಿಂಬು ಒರೆಸುವ ಬಟ್ಟೆಯಾಗಿ, ಕೊನೆಗೆ ಪೀಪಾಯಿ ಸೇರಿತು. ಯಾವುದಕ್ಕೂ ಆಗದ್ದು ಸ್ವಲ್ಪ ಉಳಿಯುತ್ತಿತ್ತು, ಮಾತ್ರೆಯ ಹಾಳೆ, ಮುಗಿದ ಪೆನ್ನು, ಅಂಥವು. ಅದಕ್ಕೆ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ. "ನಮ್ಮ ಪಾಪ ನಮ್ಮನೇಲೇ ಇರಲಿ," ಎನ್ನುತ್ತಿದ್ದರು ಮೇಷ್ಟ್ರು. ಹದಿನೆಂಟು ವರ್ಷಕ್ಕೆ ಆ ಪೆಟ್ಟಿಗೆ ಅರ್ಧ ತುಂಬಿತ್ತು. ಉಳಿದರ್ಧವನ್ನು ಅವರ ಕಾಯಿಲೆ ಒಂದೇ ವರ್ಷದಲ್ಲಿ ತುಂಬಿತು.

* * *

ಹತ್ತು ಗಂಟೆಗೆ ಅಂಗಳ ತುಂಬಿತು. ಮಗಳು ಗೇಟಿನಲ್ಲಿ ನಿಂತು ಬಂದವರ ಹೂಮಾಲೆ ತೆಗೆದುಕೊಂಡು, ಸುತ್ತಿದ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಮಡಚಿ, ತಂದವರ ಕೈಗೇ ಮರಳಿಸುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಗಿರಾಕಿಗಳ ಜೊತೆ ಮೃದುವಾಗಿ ಮಾತಾಡಿ ಅಭ್ಯಾಸ. "ಬಂದದ್ದು ತುಂಬಾ ಒಳ್ಳೇದಾಯ್ತು, ಇದು ನಿಮ್ಮದು," ಎನ್ನುವಳು. ಹಾಳೆ ಹಿಡಿದು ಎಲ್ಲಿಡುವುದೆಂದು ತಿಳಿಯದೆ ದೊಡ್ಡ ದೊಡ್ಡವರು ಅದನ್ನೇ ಜೇಬಿಗೆ ತುರುಕಿಕೊಂಡು ಮೇಷ್ಟ್ರ ಮುಂದೆ ಕೈ ಮುಗಿದರು. ಕೈ ಮುಗಿದಾಗೆಲ್ಲ ಜೇಬು ಪರಪರ ಅನ್ನುತ್ತಿತ್ತು.

ಹತ್ತೂವರೆಗೆ ಏಳನೇ ನಂಬರಿನ ಲಾರಿ ಸದ್ದಿಲ್ಲದೆ ಬಂದು ಗೇಟಿಗೆ ನಿಂತಿತು.

ಅಕ್ಕನಿಗೆ ಮೊದಲು ಗುರುತೇ ಸಿಗಲಿಲ್ಲ. ಅದರ ಹಸಿರು ಬಣ್ಣ ಇಷ್ಟು ಹಸಿರೆಂದು ಅವಳಿಗೆ ಗೊತ್ತಿರಲಿಲ್ಲ. ಡ್ರೈವರ್ ಸೀಟಿನಿಂದ ಸೀಟಿ ಎಂಬವನು ಇಳಿದ. ಮೇಷ್ಟ್ರ ಕೈಕೆಳಗೆ ಹದಿನೈದು ವರ್ಷ ಲಾರಿಯ ಹಿಂದೆ ನೇತಾಡುತ್ತಾ, ಹೊರಡು ನಿಲ್ಲು ಎನ್ನುವುದಕ್ಕೆಲ್ಲ ಸೀಟಿ ಹೊಡೆದು ಆ ಹೆಸರು ಪಡೆದವನು. ಈಗ ಲಾರಿ ಅವನದೇ. ಅವನ ಹಿಂದೆ ಡಿಪೋದ ಹನ್ನೆರಡು ಜನ, ಎಲ್ಲರೂ ಒಗೆದ ಸಮವಸ್ತ್ರದಲ್ಲಿ.

"ಅಕ್ಕ, ನಿನ್ನೆ ಮಧ್ಯಾಹ್ನದಿಂದ ಉಜ್ಜಿದೀವಿ," ಎಂದು ಸೀಟಿ ಹಿಂಬಾಗಿಲು ತೆರೆದು ತೋರಿಸಿದ. ಒಳಗೆ ಮೂಲೆ ಮೂಲೆಯನ್ನೂ ಬ್ರಷ್ಷಿನಲ್ಲಿ ತಿಕ್ಕಿ, ನೆಲಕ್ಕೆ ಚಾಪೆ ಹಾಸಿ, ಸುತ್ತ ಹಸಿರು ಕೊಂಬೆ ಕಟ್ಟಿದ್ದರು. "ಮೂಗಿಟ್ಟು ನೋಡು ಬೇಕಾದ್ರೆ. ಸಾಹೇಬರ ಹತ್ರ ಪರ್ಮಿಶನ್ನೂ ತಗೊಂಡಿದೀವಿ. ಮೇಷ್ಟ್ರನ್ನ ಅವರ ಲಾರೀಲೇ ಕರ್ಕೊಂಡು ಹೋಗ್ತೀವಿ."

ಮೈದುನ ಒದ್ದೆ ಕೈಯಲ್ಲೇ ಓಡಿಬಂದ. "ಕಸದ ಲಾರೀಲಾ? ನಮ್ಮಣ್ಣನ್ನ? ನಾಲ್ಕು ಜನ ಏನಂತಾರೆ? ನಾನು ವ್ಯಾನ್ ಹೇಳ್ತೀನಿ, ಗಾಜಿನ ವ್ಯಾನ್."

"ಸುಮ್ನಿರು," ಎಂದಳು ಅಕ್ಕ. "ನೀನು ಓದಿದ್ದು ಆ ಲಾರಿಯ ಸಂಬಳದಲ್ಲಿ. ಹತ್ತಿದ ಏಣಿ ಒದೀಬೇಡ."

ಸೀಟಿಯ ಮುಖ ಅರಳಿತು. ಅಕ್ಕ ಒಪ್ಪಿದಳೆಂದೇ ಅವನು ತಿಳಿದ. ಅಕ್ಕ ಲಾರಿಯ ಹಿಂಬಾಗಿಲಿಗೆ ಹೋಗಿ ಚಾಪೆಯ ಮೇಲೆ ಕೈಯಿಟ್ಟಳು. ಹನ್ನೆರಡು ಜನರ ಉಗುರು ಸವೆದಿದ್ದವು, ಕಣ್ಣು ಕೆಂಪಗಿದ್ದವು. ಇಷ್ಟು ಪ್ರೀತಿಗೆ ಬೇಡ ಅನ್ನುವುದು ಹೇಗೆ? ಆದರೆ ಅವಳ ಕೈ ಚಾಪೆಯ ಮೇಲೆ ನಿಲ್ಲಲಿಲ್ಲ. ಹಿಂದಕ್ಕೆ ಬಂತು.

* * *

ಲಾರಿಗೆ ಕಸ ಕೊಡುವುದು ಬಿಟ್ಟ ಐದನೇ ವರ್ಷದಲ್ಲಿ ಅಕ್ಕ ಒಮ್ಮೆ ಕಳ್ಳತನ ಮಾಡಿದ್ದಳು. ರಬ್ಬರ್ ಚಪ್ಪಲಿಯ ಉಂಗುಷ್ಟ ಮೂರನೇ ಸಲ ಕಿತ್ತುಬಂದಿತ್ತು. ಪೀಪಾಯಿಗೆ ಹಾಕುವ ಹಾಗಿಲ್ಲ, ಹಳೆ ಸಾಮಾನಿನವನು ಮುಟ್ಟುವುದಿಲ್ಲ, ತಗಡಿನ ಪೆಟ್ಟಿಗೆಗೆ ಹಾಕಿದರೆ ಗಂಡ ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರನ್ನು ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಗುರುವಾರ ಬೆಳಗ್ಗೆ ಹಳೆ ಪೇಪರಿನಲ್ಲಿ ಸುತ್ತಿ ಟೈಲರಮ್ಮನ ಬಕೆಟ್ಟಿನ ತಳಕ್ಕೆ ಸೇರಿಸಿ, ಮೇಲೆ ಬಟ್ಟೆ ಚೂರು ಹರಡಿ, ಏನೂ ಅರಿಯದವಳಂತೆ ಒಳಗೆ ಹೋದಳು.

ಮಧ್ಯಾಹ್ನ ಗಂಡ ಊಟಕ್ಕೆ ಬಂದರು. ಕೈಕಾಲು ತೊಳೆದರು. ಆಮೇಲೆ ಜೋಳಿಗೆಯಿಂದ ಚಪ್ಪಲಿ ಜೋಡಿ ತೆಗೆದು ಬಾಗಿಲ ಹತ್ತಿರ, ಅದರ ಜಾಗದಲ್ಲೇ, ಬೆರಳು ಹೊರಗೆ ಹಿಮ್ಮಡಿ ಒಳಗೆ ಮಾಡಿ ಇಟ್ಟರು.

"ದಾರಿ ತಪ್ಪಿತ್ತು ಪಾಪ. ಕರ್ಕೊಂಡು ಬಂದೆ," ಎಂದರು.

ಅಷ್ಟೇ. ಬೈಯಲಿಲ್ಲ, ಪಾಠ ಹೇಳಲಿಲ್ಲ, ಬಡಿಸಿದ್ದನ್ನು ಉಂಡರು. ಅಕ್ಕ ಅಡಿಗೆಮನೆಗೆ ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು; ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ನಾಚಿಕೆಯೂ ಇತ್ತು, ಪ್ರೀತಿಯೂ ಇತ್ತು. ಸಂಜೆ ಟೈಲರಮ್ಮನ ದಪ್ಪ ಸೂಜಿ ತಂದು ತಾನೇ ಹೊಲಿದಳು. ಆ ಚಪ್ಪಲಿ ಇನ್ನೆರಡು ವರ್ಷ ನಡೆಯಿತು. ಚಪ್ಪಲಿ ಮರಳಿ ಬಂದ ದಿನದತನಕ, ಲಾರಿಗೆ ಏನೂ ಕೊಡದಿರುವುದು ಗಂಡನ ಹಟವಾಗಿತ್ತು. ಅವತ್ತಿನಿಂದ ಅವಳದಾಯಿತು.

* * *

"ಆಗಲ್ಲ ಕಣೋ ಸೀಟಿ," ಎಂದಳು ಅಕ್ಕ.

ಸೀಟಿ ಲಾರಿಯೊಳಗೆ ತಲೆ ಹಾಕಿ ಮೂಸಿ ನೋಡಿದ. ಅವನ ಹಿಂದೆ ಒಬ್ಬ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ.

"ವಾಸನೆ ಇದೆಯಾ ಅಕ್ಕ?" ಎಂದ ಸೀಟಿ. "ಇನ್ನೊಂದು ಸಲ ತೊಳೀತೀವಿ. ಹತ್ತು ನಿಮಿಷ ಕೊಡು."

"ವಾಸನೆ ಅಲ್ಲ. ನಮ್ಮನೆಗಿಂತ ಚೆನ್ನಾಗಿದೆ. ಆದ್ರೆ ಕೇಳು. ಹತ್ತೊಂಬತ್ತು ವರ್ಷ ಈ ಮನೆಯಿಂದ ಆ ಲಾರಿಗೆ ಒಂದು ಚೂರು ಸಾಮಾನು ಹತ್ತಿಲ್ಲ. ನೀನೇ ಸಾಕ್ಷಿ. ಮೊಟ್ಟಮೊದಲು ಹತ್ತೋದು ಅವರೇ ಆಗಬೇಕಾ?"

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಮೊದಲು ನಕ್ಕವಳು ಟೈಲರಮ್ಮ. ನಕ್ಕು, ಸಾವಿನ ಮನೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ಆದರೆ ಅಷ್ಟರಲ್ಲಿ ಮಗಳು ನಗುತ್ತಿದ್ದಳು, ಅವಳನ್ನು ನೋಡಿ ಡಿಪೋದವರು ನಕ್ಕರು, ಸೀಟಿ ಲಾರಿಯ ಬಾಗಿಲಿಗೆ ಹಣೆ ಚಚ್ಚಿಕೊಂಡು ಅಳುತ್ತಾ ನಕ್ಕ. "ಅಯ್ಯೋ, ನಮ್ಮ ಬುದ್ಧಿಗಿಷ್ಟು. ಮೇಷ್ಟ್ರು ಎದ್ದು ಕೂತು ನಮ್ಮನ್ನ ಫೇಲ್ ಮಾಡ್ತಿದ್ರು," ಎಂದ. ಜೇಬಿನ ಪ್ಲಾಸ್ಟಿಕ್ ಹಾಳೆಗಳೆಲ್ಲ ಪರಪರ ಅಂದವು. ಆ ಮನೆಯಲ್ಲಿ ಒಂದು ವರ್ಷದಿಂದ ಯಾರೂ ಅಷ್ಟು ನಕ್ಕಿರಲಿಲ್ಲ.

"ಮತ್ತೆ ಹೇಗೆ ತಗೊಂಡು ಹೋಗೋದು? ನಾವು ಬೇರೆ ಏನೂ ಮಾಡಿಸಿಲ್ಲ," ಎಂದ ಸೀಟಿ, ಕಣ್ಣೊರೆಸಿಕೊಂಡು.

ಮಗಳು ಅಮ್ಮನ ಮುಖ ನೋಡಿದಳು. "ಅಮ್ಮ, ಹಿತ್ತಲಲ್ಲಿ ಆ ಬಾಗಿಲು ಇದೆಯಲ್ಲ."

ಹನ್ನೊಂದು ವರ್ಷದ ಹಿಂದೆ ಯಾರೋ ಮನೆ ಕೆಡವಿದಾಗ ಮೇಷ್ಟ್ರು ಹೊತ್ತು ತಂದ ಗಟ್ಟಿ ಮರದ ಬಾಗಿಲು ಅದು. ಯಾವ ಚೌಕಟ್ಟಿಗೂ ಹೊಂದದೆ ಗೋಡೆಗೆ ಒರಗಿ ನಿಂತಿತ್ತು. ಎಂದಾದರೂ ಬೇಕಾಗುತ್ತೆ ಎಂದು ಮೇಷ್ಟ್ರು, ನನ್ನ ತಲೆ ಮೇಲೆ ಬೀಳೋಕೆ ಎಂದು ಅಕ್ಕ, ಇಬ್ಬರೂ ಅದರ ಮೇಲೆ ವಾದ ಮಾಡಿ ಸುಸ್ತಾಗಿದ್ದರು. ನಾಲ್ಕು ಜನ ಅದನ್ನು ಅಂಗಳಕ್ಕೆ ತಂದರು. ಲಾರಿಯ ಚಾಪೆ, ಕೊಂಬೆ ಎಲ್ಲ ಅದರ ಮೇಲೆ ಬಂದವು. ಮೇಷ್ಟ್ರನ್ನು ಮಲಗಿಸಿದರು. ಅಳತೆ ತೆಗೆದು ಮಾಡಿಸಿದ ಹಾಗೆ ಸರಿಹೋಯಿತು.

"ಗೆದ್ರಿ ಬಿಡಿ," ಎಂದು ಅಕ್ಕ ಗಂಡನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಆಮೇಲೆ ಎದ್ದು, "ಮಣ್ಣು ಮಾಡಿದ ಮೇಲೆ ಬಾಗಿಲು ವಾಪಸ್ ಬರಬೇಕು," ಎಂದಳು.

ಹೆಗಲು ಕೊಡಲು ಮೊದಲು ಬಂದವನು ಮೈದುನ. ತೋಳು ಇನ್ನೂ ಮೊಣಕೈತನಕ ಒದ್ದೆಯಾಗಿತ್ತು. ಅಕ್ಕ ಅವನ ಅಂಗಿಯ ತೋಳನ್ನು ಬಿಚ್ಚಿ ಸರಿ ಮಾಡಿದಳು.

"ಲಾರಿ ಏನ್ ಮಾಡ್ಲಿ ಅಕ್ಕ?" ಸೀಟಿ ಕೇಳಿದ. ಉಜ್ಜಿದ ಲಾರಿಯನ್ನು ನೋಡುತ್ತಾ ಕೇಳಿದ.

"ಹಿಂದೆ ತಗೊಂಡು ಬಾ. ಖಾಲಿ ಬರಲಿ. ನಿಮ್ಮ ಮೇಷ್ಟ್ರು ಹತ್ತೊಂಬತ್ತು ವರ್ಷ ಆಸೆ ಪಟ್ಟಿದ್ದು ಇನ್ನೇನನ್ನ? ಖಾಲಿ ಲಾರೀನೇ ಅಲ್ವಾ?"

ಸೀಟಿ ಎದೆಯುಬ್ಬಿಸಿ ಹೋಗಿ ಸೀಟು ಹತ್ತಿದ.

ಸ್ಮಶಾನ ಎರಡು ಮೈಲಿ. ಬೀದಿ ದಾಟಿ, ಬೇಕರಿಯ ತಿರುವು ದಾಟಿ, ದಿಬ್ಬದ ಕೇರಿ ಹತ್ತಿ ಹೋಗಬೇಕು. ಲಾರಿ ಗುರುವಾರ ಹೋಗುವ ದಾರಿಯೇ ಅದು. ಮುಂದೆ ಬಾಗಿಲು, ಅದರ ಹಿಂದೆ ಅಕ್ಕ ಮತ್ತು ಮಗಳು, ಹಿಂದೆ ಜನ, ಎಲ್ಲಕ್ಕಿಂತ ಹಿಂದೆ ಲಾರಿ. ದಿಬ್ಬದ ಕೇರಿಯ ತಿರುವು ಬಂದದ್ದೇ ಸೀಟಿಯ ಕೈ ತನ್ನಷ್ಟಕ್ಕೆ ಹೋಗಿ ಹಾರ್ನ್ ಒತ್ತಿತು. ಎರಡು ಉದ್ದ, ಒಂದು ಗಿಡ್ಡ. ಒತ್ತಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಕಚ್ಚಿಕೊಂಡು ಏನು ಪ್ರಯೋಜನ, ಹಾರ್ನ್ ಕೇಳಿಸಿಯಾಗಿತ್ತು. ದಿಬ್ಬದ ಕೇರಿಯವರಿಗೆ ಸಾವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬಾಗಿಲುಗಳು ಒಂದೊಂದೇ ತೆರೆದವು. ಗುರುವಾರದ ಅಭ್ಯಾಸದಂತೆ ಒಬ್ಬೊಬ್ಬರೂ ಎರಡೆರಡು ಬಕೆಟ್ಟು ಹಿಡಿದು ಹೊರಬಂದರು. ಹಿಡಿದವರು ಹಿಡಿದಂತೆಯೇ ನಿಂತರು.

"ಯಾರು?" ಎಂದು ಮೂಲೆಮನೆಯ ಹಳೆಯ ನರ್ಸ್ ಕೇಳಿದಳು.

"ಮೇಷ್ಟ್ರು," ಎಂದಳು ಮಗಳು.

ಆ ನರ್ಸಮ್ಮ ಹಿಂದೆ ಮೇಷ್ಟ್ರ ಮೇಲೆ ಕಚೇರಿಗೆ ನಾಲ್ಕು ದೂರು ಬರೆದವಳು. ನನ್ನ ಕಸ ನನ್ನಿಷ್ಟ, ಕೇಳೋಕೆ ಇವನ್ಯಾರು ಎಂದು ಬರೆದಿದ್ದಳು. ಅವಳು ಎರಡೂ ಬಕೆಟ್ಟನ್ನು ಮೆಟ್ಟಿಲ ಹತ್ತಿರ ಇಳಿಸಿ, ಸೀರೆಗೆ ಕೈ ಒರೆಸಿಕೊಂಡು ಬಂದು ಅಕ್ಕನ ತೋಳು ಹಿಡಿದಳು. "ನನ್ನ ಕೈಲಿ ಹೊರೋಕಾಗಲ್ಲ. ಜೊತೆಗೆ ಬರ್ತೀನಿ," ಎಂದಳು.

ಅವಳ ಪಕ್ಕದ ಮನೆಯ ಬಡಗಿ ಬಂದು ಮೈದುನನ ಹೆಗಲು ಬದಲಿಸಿದ. ಅವನ ಎದುರುಮನೆಯವನು ಬಂದ. ಮಹಡಿಯಿಂದ ಇಬ್ಬರು ಅಕ್ಕತಂಗಿಯರು ಇಳಿದು ಬಂದು ನಾವೂ ಹೊರುತ್ತೇವೆ ಎಂದರು, ಯಾರೂ ಬೇಡ ಅನ್ನಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಬಾಗಿಲು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟುತ್ತಿತ್ತು. ಅಕ್ಕನಿಗೆ ದುಃಖವಿತ್ತು, ಆದರೆ ಆ ಹೊತ್ತಿಗೆ ಹೆಮ್ಮೆಯೇ ದೊಡ್ಡದಾಗಿತ್ತು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ದಿಬ್ಬದ ನೆತ್ತಿಯಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತು ಅವಳು ಹಿಂದೆ ನೋಡಿದಳು. ಕೇರಿಯ ಬಾಗಿಲುಗಳೆಲ್ಲ ತೆರೆದೇ ಇದ್ದವು. ಇಕ್ಕೆಲದಲ್ಲೂ ಪ್ರತಿ ಮೆಟ್ಟಿಲಿಗೆ ಎರಡೆರಡು ಬಕೆಟ್ಟು, ಒಂದರಲ್ಲಿ ಸಿಪ್ಪೆ, ಒಂದರಲ್ಲಿ ಕಾಗದ, ಕೇರಿಯ ತುದಿಯತನಕ. ಬಕೆಟ್ಟುಗಳ ಪಕ್ಕದಲ್ಲಿ ಒಬ್ಬರೂ ಇರಲಿಲ್ಲ, ಎಲ್ಲರೂ ಇತ್ತ ಬಂದಿದ್ದರು. ನಡುವೆ ಏಳನೇ ನಂಬರಿನ ಲಾರಿ, ಯಾವ ಮನೆಗೂ ನಿಲ್ಲದೆ, ಹಿಂಬಾಗಿಲು ತೆರೆದುಕೊಂಡು, ಖಾಲಿಯಾಗಿ ಹತ್ತಿ ಬರುತ್ತಿತ್ತು.